ಮೂಗಿನ ತುದಿಯ ಕೋಪ

ಪ್ರಶ್ನೆ: ನಾನು ಮುಂಬೈ ಮಾಟುಂಗಾದ ಒಂದು ಉಡುಪಿ ಹೋಟೆಲಲ್ಲಿ ಗಲ್ಲಾದಲ್ಲಿ ಕೂರೋನು, ಊರು ಕುಂದಾಪುರದ ಕಡೆ. ದೀಪಾವಳಿ ಆದ್ಮೇಲೆ ಇಗತ್ಪುರಿಗೆ ಹೋಗಿ 10 ದಿನದ ವಿಪಶ್ಯನ ಧ್ಯಾನ ಶಿಬಿರ ಮಾಡ್ಕೊಂಡ್ ಬಂದೆ, ಎರಡು ವಾರ ಮನಸ್ಸು ತಿಳಿನೀರಿನ ಹಾಗಿತ್ತು. ಆದ್ರೆ ಬೆಳಿಗ್ಗೆ ಆರಕ್ಕೆ ಶಟರ್ ಎತ್ತಬೇಕು, ರೂಮಿಗೆ ಬರೋವಾಗ ರಾತ್ರಿ ಹನ್ನೊಂದು, ಶಿಬಿರದವ್ರು ಹೇಳಿದ ಹಾಗೆ ದಿನಕ್ಕೆ ಎರಡು ಗಂಟೆ ಧ್ಯಾನಕ್ಕೆ ಕೂರೋದು ಎಲ್ಲಿಂದ? ಮೊನ್ನೆ ಬಿಲ್ ತಪ್ಪು ಬರೆದ ಅಂತ ಹೊಸ ಹುಡುಗನಿಗೆ ಕಸ್ಟಮರ್ ಎದುರೇ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ. ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯ್ತಾ?
— ಹೆಸರು ಬೇಡ, ಮಾಟುಂಗಾ

ಉತ್ತರ: ಇಲ್ಲ, ಏನೂ ಹೋಗಿಲ್ಲ. ನಾನೂ ಶಿಬಿರದಿಂದ ಬಂದ ನಾಲ್ಕನೇ ದಿನವೇ ಹಾಲು ಉಕ್ಕಿಸಿದ ಅಂತ ಮಗನ ಮೇಲೆ ಕೂಗಾಡಿ ಆಮೇಲೆ ಅಡುಗೆಮನೇಲಿ ನಿಂತು ಅತ್ತಿದ್ದೀನಿ, ಅದಕ್ಕೇ ನಿಮ್ಮ ಪತ್ರ ಓದಿ ಎದೆ ಹಿಂಡಿದ ಹಾಗಾಯ್ತು.

ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತೀವಲ್ಲ, ಶಿಬಿರದ ಮೊದಲ ಮೂರೂವರೆ ದಿನ ಆನಾಪಾನ, ಅಂದ್ರೆ ಬರೋ ಹೋಗೋ ಉಸಿರನ್ನ ಗಮನಿಸೋದು, ಅಂತ ನಿಮ್ಮನ್ನ ಕಾವಲು ಕೂರಿಸಿದ್ದೂ ಅದೇ ಜಾಗದಲ್ಲಿ, ಮೂಗಿನ ಹೊಳ್ಳೆ ಕೆಳಗೆ, ಮೇಲ್ತುಟಿ ಮೇಲೆ. ಈ ಧ್ಯಾನ ಕಲಿಸಿದ ಗೋಯೆಂಕಾ ಗುರೂಜಿ ಪ್ರವಚನದಲ್ಲಿ ಹೇಳಿದ್ದು ನೆನಪಿದೆಯಾ, ಸಿಟ್ಟು ಬಂದ ತಕ್ಷಣ ಉಸಿರಿನ ಲಯ ತಪ್ಪುತ್ತೆ, ಮೈಯಲ್ಲೂ ಏನೋ ಒಂದು ಆಗುತ್ತೆ. ಬುದ್ಧನ ಮಾತುಗಳಿರೋ ಪಾಳಿ ಭಾಷೆಯಲ್ಲಿ ಅದಕ್ಕೆ ವೇದನಾ ಅಂತಾರೆ, ನಮ್ಮ ಕನ್ನಡದ ವೇದನೆ ಥರ ನೋವು ಮಾತ್ರ ಅಲ್ಲ, ಸುಖ, ದುಃಖ, ಎರಡೂ ಅಲ್ಲದ್ದು, ಎಲ್ಲಾನೂ ಸೇರುತ್ತೆ. ಒಂದರಿಂದ ಇನ್ನೊಂದು ಹುಟ್ಟುತ್ತೆ ಅಂತ ಬುದ್ಧ ಹೇಳಿದ ಸರಪಳಿಯಲ್ಲಿ ಈ ವೇದನೆಯಿಂದ ತೃಷ್ಣೆ ಹುಟ್ಟುತ್ತೆ, ಬೇಕು ಅನ್ನೋದು ಅಥವಾ ತೊಲಗಲಿ ಅನ್ನೋದು. ಈ ಎರಡರ ನಡುವೆ ಇರೋ ಚಿಕ್ಕ ಜಾಗದಲ್ಲೇ ನೀವು ಕೆಲಸ ಮಾಡ್ಬೇಕಾದ್ದು, ಅದಕ್ಕೆ ಗಲ್ಲಾ ಏನೂ ಅಡ್ಡಿ ಅಲ್ಲ.

ನಾಳೆ ಮಧ್ಯಾಹ್ನ ರಶ್ ಅವರ್‌ನಲ್ಲಿ ಯಾರಾದ್ರೂ ಚಿಲ್ಲರೆಗೆ ಜಗಳ ತೆಗೆದಾಗ ಕಿವಿ ಬಿಸಿಯಾಗುತ್ತಾ, ದವಡೆ ಬಿಗಿಯುತ್ತಾ ಸುಮ್ನೆ ನೋಡಿ, ನಾಣ್ಯ ಎಣಿಸೋ ಬೆರಳು ಎಷ್ಟು ಒತ್ತುತ್ತಿದೆ ಅಂತ ನೋಡಿ, ಮೂರು ಉಸಿರು ಅಷ್ಟೇ ಸಾಕು, ಆಮೇಲೆ ಮಾತಾಡಿ. ಸತಿಪಟ್ಠಾನ ಸುತ್ತ ಅನ್ನೋ, ಎಚ್ಚರದ ಬಗ್ಗೆ ಇರೋ ಉಪದೇಶದಲ್ಲಿ ಬುದ್ಧ ಬರೀ ಕೂರೋದನ್ನ ಹೇಳಿಲ್ಲ, ನಡೆಯೋದು, ನಿಲ್ಲೋದು, ಮಲಗೋದು, ಕೈ ಮಡಚೋದು ಚಾಚೋದು, ತಿನ್ನೋದು, ಕೊನೆಗೆ ಮಲಮೂತ್ರದ ಹೊತ್ತಲ್ಲೂ ಎಚ್ಚರ ಇರಲಿ ಅಂದಿದ್ದಾರೆ. ಹಾಗಂತ ಕೂರೋದನ್ನ ಪೂರ್ತಿ ಬಿಡ್ಬೇಡಿ, ಶಟರ್ ಎತ್ತೋ ಮುಂಚೆ 20 ನಿಮಿಷ ಆದ್ರೂ ಕೂತ್ಕೊಳ್ಳಿ.

ವಾರದ ರಜೆಯಲ್ಲಿ ಒಂದ್ಸಲ ಬೋರಿವಲಿ ಕಡೆಯಿಂದ ಫೆರಿ ಹತ್ತಿ ಗೋರಾಯಿಯ ವಿಪಶ್ಯನ ಪಗೋಡಾಗೆ, ಅಂದ್ರೆ ಧ್ಯಾನಕ್ಕೆ ಕೂರೋ ಆ ದೊಡ್ಡ ಗುಮ್ಮಟಕ್ಕೆ, ಹೋಗಿ ಬನ್ನಿ, 2009ರಲ್ಲಿ ಉದ್ಘಾಟನೆ ಆದದ್ದು, ಒಂದೂ ಕಂಬ ಇಲ್ಲದ ಗುಮ್ಮಟದ ಕೆಳಗೆ 8,000 ಜನ ಕೂರಬಹುದು, 10 ದಿನ ಮುಗಿಸಿದವರಿಗೆ ಅಲ್ಲಿ ಒಂದು ದಿನದ ಶಿಬಿರ ಇರುತ್ತೆ. ನಿಮ್ಮ ಹಾಗೇ ಕೆಲಸದ ಮಧ್ಯೆ ಒದ್ದಾಡ್ತಾ ಇರೋರು ಪಕ್ಕದಲ್ಲಿ ಕೂತಿರ್ತಾರೆ, ಅದೇ ಒಂದು ದೊಡ್ಡ ಧೈರ್ಯ.

ಇನ್ನು ಆ ಹೊಸ ಹುಡುಗ. ಊರು ಬಿಟ್ಟು ಬಂದು ಎಷ್ಟು ದಿನ ಆಯ್ತೋ ಪಾಪ. ಮಂಗಲ ಮೈತ್ರಿ, ಅಂದ್ರೆ ಎಲ್ಲರಿಗೂ ಒಳ್ಳೇದಾಗಲಿ ಅಂತ ಹಾರೈಸೋದು, ಅಂತ ಕೊನೆಗೆ ಕಲಿಸಿದ್ರಲ್ಲ, ಅದನ್ನ ಕಣ್ಮುಚ್ಚಿ ಲೋಕಕ್ಕೆಲ್ಲ ಹಂಚೋ ಮುಂಚೆ ಇವನಿಂದ ಶುರು ಮಾಡಿ. ಬೈದದ್ದು ಎಲ್ಲರ ಎದುರು ಅಲ್ವಾ, ತಪ್ಪಾಯ್ತು ಕಣೋ ಅನ್ನೋದನ್ನೂ ಎಲ್ಲರ ಎದುರೇ ಅನ್ನಿ.