ಅರ್ಧ ತಲೆ ಕಟಿಂಗ್

ಪ್ರಶ್ನೆ: ಅರಸೀಕೆರೆಯಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ ಮೇಡಂ. 14 ವರ್ಷದ ಹುಡುಗನೊಬ್ಬ ಅಮ್ಮನ ಜೊತೆ ಬರುತ್ತಿದ್ದ. ಅವನಿಗೆ ಆಟಿಸಂ, ಅಂದರೆ ಮಾತಾಡುವ, ಜನರ ಜೊತೆ ಬೆರೆಯುವ ರೀತಿಯೇ ಚಿಕ್ಕಂದಿನಿಂದ ಬೇರೆ ಥರ ಇರುವ ಸ್ಥಿತಿ, ಅಂತ ಆಕೆ ಹೇಳಿದ್ದರು. ಏನು ಕೇಳಿದರೂ ಅದನ್ನೇ ತಿರುಗಿ ಹೇಳುತ್ತಾನೆ. ಹೋದ ತಿಂಗಳು ಕರೆಂಟ್ ಹೋಯಿತೆಂದು ಜನರೇಟರ್ ಹಾಕಿದೆ. ಹುಡುಗ ಕಿವಿ ಮುಚ್ಚಿಕೊಂಡು ಅಕ್ಕಿ ಮೂಟೆ ಪಕ್ಕ ಕೂತು ಕಿರುಚಿಬಿಟ್ಟ. ಗಿರಾಕಿಯೊಬ್ಬರು "ಎರಡು ಬಿಟ್ರೆ ಸರಿಹೋಗ್ತಾನೆ" ಅಂದರು. ನಾನು ಸುಮ್ಮನೆ ನಿಂತಿದ್ದೆ. ಅವತ್ತಿನಿಂದ ಅವರು ಬಂದಿಲ್ಲ. ನಾನೇನು ಮಾಡಬೇಕಿತ್ತು?

ಉತ್ತರ: ಜನರೇಟರ್ ಆಫ್ ಮಾಡಬೇಕಿತ್ತು ಅಣ್ಣಾ. ಅಷ್ಟೇ. ಐದು ನಿಮಿಷ ಕತ್ತಲಿದ್ದರೆ ಯಾರ ತೊಗರಿಬೇಳೆಯೂ ಓಡಿಹೋಗುತ್ತಿರಲಿಲ್ಲ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನನಗೆ ಕಾಗದ ಬರೆಯುವವರೆಲ್ಲ ಇಂಥ ಮಕ್ಕಳ ಮನೆಯವರೇ. ಅಂಗಡಿಯವರೊಬ್ಬರು ಬರೆದದ್ದು ಇದೇ ಮೊದಲು. ಎರಡು ಸಲ ಓದಿಕೊಂಡೆ.

ಅದು ಹಠ ಅಲ್ಲ. ಹಠ ಮಾಡುವ ಮಗು ಓರೆಗಣ್ಣಲ್ಲಿ ಅಮ್ಮನ ಮುಖ ನೋಡುತ್ತಿರುತ್ತೆ, ಬೇಕಾದ್ದು ಸಿಕ್ಕರೆ ತಟಕ್ಕನೆ ನಿಲ್ಲಿಸುತ್ತೆ. ಈ ಹುಡುಗನಿಗೆ ಆಗ ಯಾರೂ ಕಾಣುವುದಿಲ್ಲ. ನಮಗೆ ಬರೀ ಗಲಾಟೆ ಅನ್ನಿಸುವ ಸದ್ದು ಇವರಲ್ಲಿ ಕೆಲವರಿಗೆ ನೋವಿನ ಹಾಗೆಯೇ ಇರುತ್ತದೆ. ಎತ್ತಲು, ಹಿಡಿಯಲು ಹೋಗಬೇಡಿ. ಸದ್ದು ನಿಲ್ಲಿಸಿ, ಜನರನ್ನು ಸ್ವಲ್ಪ ಆಚೆ ಕಳಿಸಿ, ಉಳಿದದ್ದನ್ನು ಅವನ ಅಮ್ಮನಿಗೆ ಬಿಡಿ.

ಇನ್ನು ತಿರುಗಿ ಹೇಳುವ ವಿಷಯ. ನನ್ನ ಮಗನಿಗೂ ಆಟಿಸಂ, ಅವನಿಗೀಗ 23. "ಕಾಫಿ ಬೇಕಾ?" ಅಂದರೆ ಇವತ್ತಿಗೂ "ಕಾಫಿ ಬೇಕಾ" ಅಂತಾನೆ. ಬೇಕು ಅಂತ ಅರ್ಥ. ಬೇಡದಿದ್ದರೆ ಎದ್ದು ಹೋಗುತ್ತಾನೆ. ನಿಮ್ಮ ಹುಡುಗನ ಲೆಕ್ಕ ಬೇರೆ ಇರಬಹುದು, ಎಲ್ಲರೂ ಒಂದೇ ಥರ ಇರುವುದಿಲ್ಲ. ಎರಡು ಬಿಸ್ಕೆಟ್ ಪ್ಯಾಕೆಟ್ ಎದುರಿಗಿಟ್ಟು "ಯಾವುದು?" ಅನ್ನಿ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಗಡಿಬಿಡಿಯಲ್ಲಿ ಇನ್ನೊಂದು ಪ್ರಶ್ನೆ ಹಾಕಿದರೆ ಅವನು ಮತ್ತೆ ಮೊದಲಿಂದ ಶುರು ಮಾಡಬೇಕು.

ನನ್ನ ಮಗನದು ಆಟಿಸಂ ಅಂತ ಗೊತ್ತಾದದ್ದು ಅವನಿಗೆ 4 ವರ್ಷವಿದ್ದಾಗ, ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ಆಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆ 21 ಬಗೆ ಮಾಡಿ ಅದನ್ನೂ ಸೇರಿಸಿತು. ಈಗ ಇವನ ಹತ್ತಿರ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಇದೆ. ಒಳ್ಳೆಯದೇ. ಆದರೆ ಕಟಿಂಗ್ ಶಾಪಿನಲ್ಲಿ ಆ ಕಾರ್ಡ್ ತೋರಿಸಿ ಏನು ಮಾಡಲಿ?

ನಮ್ಮ ದೊಡ್ಡ ಕಷ್ಟ ಕಟಿಂಗೇ ಆಗಿತ್ತು. ಹಾಸನದಲ್ಲಿ ಒಂದು ಅಂಗಡಿಯವರು "ಇನ್ಮೇಲೆ ಕರ್ಕೊಂಡು ಬರಬೇಡಿ, ಬೇರೆ ಗಿರಾಕಿ ಎದ್ದು ಹೋಗ್ತಾರೆ" ಅಂದರು. ಆರು ತಿಂಗಳು ನಾನೇ ಅವನು ಮಲಗಿದ್ದಾಗ ಕತ್ತರಿಸುತ್ತಿದ್ದೆ. ಇಲಿ ಕಡಿದ ಹಾಗೆ ಕಾಣುತ್ತಿತ್ತು. ಆಮೇಲೆ ನಮ್ಮ ರಸ್ತೆಯ ಕೊನೆಯಲ್ಲೊಬ್ಬ ಹುಡುಗ ಹೊಸದಾಗಿ ಅಂಗಡಿ ಹಾಕಿದ. ವಿಷಯ ಹೇಳಿದೆ. "ಬೆಳಿಗ್ಗೆ ಏಳಕ್ಕೆ ಬನ್ನಿ ಆಂಟಿ, ಆಗ ಯಾರೂ ಇರಲ್ಲ" ಅಂದ. ರೇಡಿಯೋ ಹಾಕಲಿಲ್ಲ. ಮೆಷಿನ್ ಪಕ್ಕಕ್ಕಿಟ್ಟ. ಕತ್ತರಿಯನ್ನು ಇವನ ಕೈಗೇ ಕೊಟ್ಟ. ಇವನು ಅದನ್ನು ತಿರುಗಿಸಿ ನೋಡಿದ, ಮೂಸಿದ, ವಾಪಸ್ ಕೊಟ್ಟ. ಎಡಗಡೆ ಕಟಿಂಗ್ ಮುಗಿಯುವಷ್ಟರಲ್ಲಿ ಇವನಿಗೆ ಸಾಕಾಯಿತು, ಕುರ್ಚಿಯಿಂದ ಇಳಿದ. ಹುಡುಗ ಬಟ್ಟೆ ಕೊಡವಿ "ನಾಳೆ ಬಲಗಡೆ" ಅಂದ. ಇವನೂ "ನಾಳೆ ಬಲಗಡೆ" ಅಂದ. ಒಂದು ದಿನ ಪೂರ್ತಿ ಅರ್ಧ ತಲೆ ಕಟಿಂಗ್ ಆದ ಮಗನನ್ನು ಕರೆದುಕೊಂಡು ಊರೆಲ್ಲ ಓಡಾಡಿದೆ. ಮಹಾರಾಜ ಪಾರ್ಕಿನಲ್ಲಿ ಜನ ನೋಡಿದರು. ನೋಡಲಿ ಬಿಡಿ.

ಈಗ ಒಂದೇ ಸಲಕ್ಕೆ ಮುಗಿಯುತ್ತೆ. ಆ ಹುಡುಗ ಯಾವ ಟ್ರೈನಿಂಗೂ ತಗೊಂಡವನಲ್ಲ.

ನಿಮ್ಮ ಸಾಲದ ಪುಸ್ತಕದಲ್ಲಿ ಆ ತಾಯಿಯ ನಂಬರ್ ಇರುತ್ತೆ ಅಲ್ವಾ? ಇವತ್ತೇ ಫೋನ್ ಮಾಡಿ. ಅಯ್ಯೋ ಪಾಪ ಅನ್ನಬೇಡಿ. "ಮಧ್ಯಾಹ್ನ ಅಂಗಡಿ ಖಾಲಿ ಇರುತ್ತೆ, ಮಗನನ್ನೂ ಕರ್ಕೊಂಡು ಬನ್ನಿ, ಜನರೇಟರ್ ಹಾಕಲ್ಲ" ಅನ್ನಿ. ಬಂದಾಗ ಅವನ ಜೊತೆಗೇ ಮಾತಾಡಿ, ಅವನ ತಲೆಯ ಮೇಲಿಂದ ಅಮ್ಮನ ಜೊತೆ ಅಲ್ಲ. "ಎರಡು ಬಿಟ್ರೆ" ಅಂದ ಗಿರಾಕಿ ಅವತ್ತೂ ಬಂದರೆ, ಅವರಿಗೆ ಉತ್ತರ ಕೊಡುವ ಕೆಲಸ ನಿಮ್ಮದು. ಆ ತಾಯಿ ಈಗಾಗಲೇ ಸಾಕಷ್ಟು ಜನಕ್ಕೆ ಕೊಟ್ಟಿರುತ್ತಾರೆ.

ಪ್ರಶ್ನೆ: ಮೊಮ್ಮಗನಿಗೆ 3 ವರ್ಷ. ಕರೆದರೆ ತಿರುಗುವುದಿಲ್ಲ, ಮಾತೂ ಇಲ್ಲ. ಲಸಿಕೆ ಹಾಕಿಸಿದ್ದಕ್ಕೇ ಹೀಗಾಯಿತು ಅಂತಾರೆ. ನಿಜವೇ? (ಒಬ್ಬ ಅಜ್ಜಿ, ಕಡೂರು)

ಉತ್ತರ: ಸುಳ್ಳು ಅಮ್ಮಾ. ಹಾಗೆ ಸುಳಿವು ಕೊಟ್ಟ 1998ರ ಇಂಗ್ಲೆಂಡಿನ ಲೇಖನವನ್ನು, ಅಚ್ಚು ಹಾಕಿದ್ದ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಉಳಿದ ಲಸಿಕೆ ತಪ್ಪಿಸಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಕೇಳಿಸದೆಯೂ ತಿರುಗದಿರಬಹುದು. ಆಮೇಲೆ ಮಕ್ಕಳ ಡಾಕ್ಟರಿಗೆ ಆಟಿಸಂ ಇದೆಯಾ ಅಂತ ನೇರವಾಗಿ ಕೇಳಿ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಕಾಯಬೇಡಿ. ನಮ್ಮತ್ತೆಯೂ ಹಾಗೇ ಅಂದಿದ್ದರು, ನಮ್ಮದು ಒಂದು ವರ್ಷ ಅದರಲ್ಲೇ ಹೋಯಿತು.