ತಾಮ್ರದ ಕೆಳಗಿದ್ದರೂ ಚಿನ್ನಕ್ಕೆ ಕಿಲುಬು ಯಾಕೆ ಹಿಡಿಯಲ್ಲ?

ನೀವು ಕೇಳಿರುವುದು ಇಷ್ಟು: ಆವರ್ತ ಕೋಷ್ಟಕದ ಗುಂಪಿನಲ್ಲಿ ಕೆಳಗೆ ಹೋದಂತೆ ಲೋಹೀಯ ಗುಣ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ಗುಣ, ಜಾಸ್ತಿಯಾಗುತ್ತದೆ. ತಾಮ್ರದ ಕೆಳಗೆ ಬೆಳ್ಳಿ, ಬೆಳ್ಳಿಯ ಕೆಳಗೆ ಚಿನ್ನ. ಹಾಗಾದರೆ ಚಿನ್ನವೇ ಮೊದಲು ಕಿಲುಬು ಹಿಡಿಯಬೇಕಿತ್ತು. ಪರೀಕ್ಷೆಯಲ್ಲಿ ಏನಂತ ಬರೆಯೋದು?

ರಾಯಚೂರು ಜಿಲ್ಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹಟ್ಟಿ ಚಿನ್ನದ ಗಣಿ ನಮ್ಮ ಜಿಲ್ಲೆಯದೇ ಆದ್ದರಿಂದ ಈ ಪ್ರಶ್ನೆ ನನಗೂ ಆಗಾಗ ಬರುತ್ತದೆ.

ಆ ನಿಯಮ ಚೆನ್ನಾಗಿ ನಡೆಯುವುದು ಕೋಷ್ಟಕದ ಎರಡು ಅಂಚಿನಲ್ಲಿ. ಸೋಡಿಯಂನಿಂದ ಒಂದು ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 496 ಕಿಲೋಜೌಲ್ ಬೇಕು, ಅದರ ಕೆಳಗಿನ ಪೊಟ್ಯಾಸಿಯಂಗೆ 419 ಸಾಕು. ಹೊರಗಿನ ಎಲೆಕ್ಟ್ರಾನ್ ದೂರವಾದಷ್ಟೂ ಹಿಡಿತ ಸಡಿಲ. 17ನೇ ಗುಂಪಿನ ಅಲೋಹಗಳದ್ದೂ ಇದೇ ಕಥೆ, ಅಲ್ಲಿ ಮೇಲಿನ ಫ್ಲೋರಿನ್‌ಗೇ ಕಿತ್ತುಕೊಳ್ಳುವ ಹಟ ಜಾಸ್ತಿ.

ನಡುವಿನ 11ನೇ ಗುಂಪಿಗೆ ಬನ್ನಿ. ತಾಮ್ರ 745, ಬೆಳ್ಳಿ 731, ಚಿನ್ನ 890. ಇಳಿಯಬೇಕಾದದ್ದು ಏರಿಬಿಟ್ಟಿತು! ಬೆಳ್ಳಿಯ ಪರಮಾಣು ಸಂಖ್ಯೆ 47, ಚಿನ್ನದ್ದು 79. ಈ ನಡುವೆ ಸೇರಿದ 32 ಎಲೆಕ್ಟ್ರಾನ್‌ಗಳಲ್ಲಿ 14 ಒಳಗಿನ 4ಎಫ್ ಕಕ್ಷಕಕ್ಕೆ ಹೋಗುತ್ತವೆ. ಅವು ಬೀಜಕೇಂದ್ರದ ಸೆಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ. ಹಾಗಾಗಿ ಒಂದು ಕವಚ ಜಾಸ್ತಿ ಇದ್ದರೂ ಚಿನ್ನದ ಪರಮಾಣು ಹೆಚ್ಚುಕಡಿಮೆ ಬೆಳ್ಳಿಯಷ್ಟೇ ದೊಡ್ಡದು. ಸಾಲದ್ದಕ್ಕೆ, ಬೀಜಕೇಂದ್ರದ ಪಕ್ಕದ ಎಲೆಕ್ಟ್ರಾನ್‌ಗಳು ಬೆಳಕಿನ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿವೆ. ಆಗ ಐನ್‌ಸ್ಟೈನ್‌ನ ಸಾಪೇಕ್ಷತೆ ಲೆಕ್ಕಕ್ಕೆ ಬಂದು ಹೊರಗಿನ ಎಲೆಕ್ಟ್ರಾನ್ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಚಿನ್ನದ ಹಳದಿ ಬಣ್ಣಕ್ಕೂ ಇದೇ ಕಾರಣ. ಕೋಷ್ಟಕದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

ಎಲೆಕ್ಟ್ರಾನ್ ಸುಲಭಕ್ಕೆ ಬಿಡದ್ದರಿಂದ ಚಿನ್ನ ಆಮ್ಲಜನಕದ ಜೊತೆ ಸೇರಲ್ಲ, ಕಿಲುಬೂ ಹಿಡಿಯಲ್ಲ. ಇದರ ಫಲ ನಮ್ಮ ನೆಲದಲ್ಲೇ ಕಾಣುತ್ತದೆ. ಹಟ್ಟಿಯಲ್ಲಿ ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ, ಆದರೆ ಅದು ಚಿನ್ನವಾಗಿಯೇ ಕಲ್ಲಿನೊಳಗೆ ಕೂತಿದೆ. ಬಳ್ಳಾರಿ ಕಡೆಯ ಸಂಡೂರಿನಲ್ಲಿ ಗುಡ್ಡಗಟ್ಟಲೆ ಕಬ್ಬಿಣ, ಆದರೆ ಅಷ್ಟೂ ಆಮ್ಲಜನಕದ ಜೊತೆ ಸೇರಿಕೊಂಡಿದೆ. ಆ ಹೆಮಟೈಟ್ ಕಲ್ಲು ನೋಡಲು ಕಪ್ಪಗೆ ಮಿನುಗಿದರೂ, ಟೈಲ್ಸ್‌ನ ಹಿಂಬದಿಯ ಒರಟು ಮೈಗೆ ಉಜ್ಜಿ ನೋಡಿ, ಕೆಂಪು ಗೆರೆ ಬೀಳುತ್ತದೆ. ತುಕ್ಕಿನ ಹತ್ತಿರದ ಸಂಬಂಧಿ ಅದು. ಅದರಿಂದ ಆಮ್ಲಜನಕ ಬಿಡಿಸಲು ತೋರಣಗಲ್ಲಿನ ಊದುಕುಲುಮೆಯಷ್ಟು ಕಾವು ಬೇಕು, ಜೊತೆಗೆ ಇಂಗಾಲ ಎಂಬ ಅಲೋಹದ ಸಹಾಯವೂ ಬೇಕು.

ಪತ್ತಾರರಿಗಂತೂ ಇದು ದಿನದ ವ್ಯವಹಾರ. ನೈಟ್ರಿಕ್ ಆಸಿಡ್‌ನಲ್ಲಿ ತಾಮ್ರ, ಬೆಳ್ಳಿ ಕರಗುತ್ತವೆ, ಚಿನ್ನ ಜಗ್ಗಲ್ಲ. ಮೂರು ಪಾಲು ಹೈಡ್ರೋಕ್ಲೋರಿಕ್ ಆಸಿಡ್‌ಗೆ ಒಂದು ಪಾಲು ನೈಟ್ರಿಕ್ ಸೇರಿಸಿದ ಅಕ್ವಾ ರೀಜಿಯಾದಲ್ಲಾದರೆ ಅದೂ ಕರಗುತ್ತದೆ. ಮನೇಲಿ ಇದನ್ನೆಲ್ಲ ಮಾಡೋಕೆ ಹೋಗಬೇಡಿ, ಹೊಗೆ ವಿಷ.

ಇನ್ನು ಪರೀಕ್ಷೆ. ಗುಂಪಿನ ಪ್ರವೃತ್ತಿ ಕೇಳಿದರೆ ಸೋಡಿಯಂ, ಪೊಟ್ಯಾಸಿಯಂ ಉದಾಹರಣೆ ಕೊಟ್ಟು ಪುಸ್ತಕದ ನಿಯಮವನ್ನೇ ಬರೆಯಿರಿ. ಯಾವ ಲೋಹ ಜಾಸ್ತಿ ಕ್ರಿಯಾಶೀಲ ಅಂತ ಕೇಳಿದರೆ ಕೋಷ್ಟಕ ನೋಡಬೇಡಿ, ಕ್ರಿಯಾಶೀಲತೆಯ ಸರಣಿ ನೋಡಿ. ಅಲ್ಲಿ ತಾಮ್ರ ಮೇಲೆ, ಆಮೇಲೆ ಬೆಳ್ಳಿ, ಕಟ್ಟಕಡೆಗೆ ಚಿನ್ನ. 4ಎಫ್ ವಿಷಯ ಎಸ್ಸೆಸ್ಸೆಲ್ಸಿಯಲ್ಲಿ ಯಾರೂ ಕೇಳಲ್ಲ.