ಗಾಡಿ ಮಾತು: ಪೆಟ್ರೋಲ್ ಮುಳ್ಳು ಕುಣಿಯುತ್ತಿದೆ, ಮೀಟರ್ ಬದಲಿಸಬೇಕಾ?

ಪ್ರಶ್ನೆ: ನಂದು ಎಂಟು ವರ್ಷದ ಹಳೇ 125 ಸಿಸಿ ಬೈಕು, ಕಾರ್ಬೊರೇಟರ್ ಇರೋದು. ದಿನಾ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ಪೆಟ್ರೋಲ್ ಮುಳ್ಳು ಹುಚ್ಚು ಹಿಡಿದ ಹಾಗೆ ಆಡುತ್ತಿದೆ. ಫುಲ್ ಟ್ಯಾಂಕ್ ಮಾಡಿಸಿದರೂ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ತಗ್ಗಿನಲ್ಲಿ ಗಾಡಿ ಕುಪ್ಪಳಿಸಿದರೆ ಸೊನ್ನೆಗೆ ಬೀಳುತ್ತದೆ, ಮುಂದಿನ ತಗ್ಗಿಗೆ ಮತ್ತೆ ಏಳುತ್ತದೆ. ಹೋದ ವಾರ ಮುಳ್ಳು ನಂಬಿ ನಲವಡಿ ಹತ್ತಿರ ಗಾಡಿ ನಿಂತು, ಉರಿಬಿಸಿಲಲ್ಲಿ ನೂಕಿಕೊಂಡು ಹೋದೆ. ರಿಸರ್ವ್‌ಗೆ ಹಾಕೋಣ ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಅದೇ ಕಾಕ್, ಮೊದಲೇ ರಿಸರ್ವ್‌ನಲ್ಲಿತ್ತು! ಮೆಕ್ಯಾನಿಕ್ ಕೇಳಿದರೆ, 'ಮೀಟರ್ ಹೋಗೈತ್ರೀ, ಪೂರಾ ಸೆಟ್ ಹೊಸಾದು ಹಾಕಬೇಕು' ಅಂತಾರೆ. ಹಾಕಿಸಲಾ ಸರ್?
— ಓದುಗರೊಬ್ಬರು, ಅಣ್ಣಿಗೇರಿ

ಉತ್ತರ: ಬೇಡ. ಈಗಲೇ ಬೇಡ.

ನೀವು ಬರೆದಿರೋದರಲ್ಲೇ ಅರ್ಧ ಉತ್ತರ ಇದೆ. ಸತ್ತ ಮೀಟರಿನ ಮುಳ್ಳು ತಗ್ಗಿಗೆ ಬಿದ್ದು ಏಳುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ನಿಮ್ಮದು ಕುಣಿಯುತ್ತಿದೆ ಅಂದರೆ ಮೀಟರಿನಲ್ಲಿ ಜೀವ ಇದೆ, ಅದಕ್ಕೆ ಸುದ್ದಿ ಮುಟ್ಟಿಸುವ ದಾರಿಯಲ್ಲಿ ಎಲ್ಲೋ ಲೂಸ್ ಆಗಿದೆ ಅಂತಲೇ ಜಾಸ್ತಿ ಅನುಮಾನ.

ದಾರಿ ಯಾವುದು ಅಂದರೆ, ಟ್ಯಾಂಕಿನ ಒಳಗೆ ಒಂದು ಫ್ಲೋಟ್ ಇರುತ್ತದೆ, ಪೆಟ್ರೋಲಿನ ಮೇಲೆ ಬೆಂಡಿನ ಹಾಗೆ ತೇಲುತ್ತದೆ. ಅದಕ್ಕೊಂದು ತಂತಿ ತೋಳು. ಪೆಟ್ರೋಲ್ ಇಳಿದ ಹಾಗೆ ತೋಳು ಇಳಿಯುತ್ತದೆ, ಅದರ ತುದಿಯ ಸಣ್ಣ ತಗಡು ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಸವರಿಕೊಂಡು ಹೋಗುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಟ್ಯಾಂಕ್ ತುಂಬಿದ್ದಾಗ ರೆಸಿಸ್ಟೆನ್ಸ್ ಕಡಿಮೆ, ಖಾಲಿಯಾದಾಗ ಜಾಸ್ತಿ. ಕೆಲವು ಮಾಡೆಲ್‌ಗಳಲ್ಲಿ ಇದು ಉಲ್ಟಾ. ಮೀಟರ್ ಆ ಲೆಕ್ಕ ಓದಿ ಮುಳ್ಳು ತಿರುಗಿಸುತ್ತದೆ, ಅಷ್ಟೇ.

ಈಗ ನೋಡಿ, ಆ ದಾರಿಯಲ್ಲಿ ವೈರುಗಳನ್ನು ಜೋಡಿಸುವ ಕಪ್ಲರ್‌ನಲ್ಲಿ ಕಿಲುಬು ಹಿಡಿದರೆ ಸುಮ್ನೆ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತದೆ. ಮೀಟರ್ ಪಾಪ, ಪೆಟ್ರೋಲ್ ಕಡಿಮೆ ಇದೆ ಅಂತ ತಿಳಿದುಕೊಳ್ಳುತ್ತದೆ. ಫುಲ್ ಮಾಡಿಸಿದರೂ ಅರ್ಧ ತೋರಿಸುವುದು, ಕುಲುಕಿದರೆ ಬೀಳುವುದು, ಎರಡೂ ಇದಕ್ಕೆ ಹೊಂದುತ್ತವೆ. ಅದಕ್ಕೇ ಮೊದಲು ಕಪ್ಲರ್ ನೋಡಿ.

ನನ್ನ ಹಳೇ ಗಾಡಿಗೂ ಹೀಗೇ ಆಗಿತ್ತು. ಮಳೆಗಾಲದಲ್ಲಿ ಎರೆ ಹೊಲದ ದಾರಿ ತುಳಿದು ಬಂದ ಮೇಲೆ ಕೆಸರು ಹೋಗಲಿ ಅಂತ ಪ್ರೆಶರ್ ನೀರು ಹೊಡೆಸಿದ್ದೆ, ಸೀಟಿನ ಕೆಳಗೂ ಬಿಡಲಿಲ್ಲ. ಎರಡು ವಾರಕ್ಕೆ ಮುಳ್ಳು ಮಲಗಿತು. ಕಪ್ಲರ್ ಬಿಚ್ಚಿದರೆ ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು, ಥೇಟ್ ತೊಳೆಯದೆ ಇಟ್ಟ ತಾಮ್ರದ ತಂಬಿಗೆ ಹಾಗೆ. ಒಂದು ಪಿನ್ನು ಹಿಂದಕ್ಕೂ ಸರಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಪಿನ್ನು ಮುಂದಕ್ಕೆ ಒತ್ತಿ ಕೂರಿಸಿದೆ. ಅಲ್ಲಿಗೆ ಮುಗೀತು.

ನೀವೂ ಸೀಟು ತೆಗೆದು, ಟ್ಯಾಂಕಿನ ಅಡಿಯಿಂದ ಬರುವ ಸಣ್ಣ ವೈರುಗಳನ್ನು ಹಿಡಿದು ಹೋಗಿ, ಕಪ್ಲರ್ ಸಿಗುತ್ತದೆ. ಚಾವಿ ಆಫ್ ಮಾಡಿಯೇ ಬಿಚ್ಚಿ. ತಿಕ್ಕಿ, ಪೂರ್ತಿ ಒಣಗಿಸಿ, ಮತ್ತೆ ಜೋಡಿಸಿ ನೋಡಿ.

ಅದಕ್ಕೂ ಬಗ್ಗದಿದ್ದರೆ ಒಂದು ಸಣ್ಣ ಪರೀಕ್ಷೆ. ಇದು ನಿಮ್ಮಂಥ ಮುಳ್ಳಿನ ಮೀಟರ್, ಎರಡೇ ವೈರಿನ ಫ್ಲೋಟ್ ಯೂನಿಟ್ ಇರೋ ಗಾಡಿಗೆ ಮಾತ್ರ. ಮತ್ತೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾಡಲೇಬೇಡಿ. ಕಪ್ಲರ್ ಬಿಚ್ಚಿಟ್ಟು ಚಾವಿ ಆನ್ ಮಾಡಿ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಚಾವಿ ಆಫ್ ಮಾಡಿ, ಮೀಟರ್ ಕಡೆಯ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ. ಮತ್ತೆ ಆನ್ ಮಾಡಿ. ಮುಳ್ಳು ಸೋಮಾರಿ, ಹತ್ತಿಪ್ಪತ್ತು ಸೆಕೆಂಡ್ ಕಾಯಿರಿ. ಈ ತುದಿಯಿಂದ ಆ ತುದಿಗೆ ಹೋಯಿತಾ? ಹಾಗಾದರೆ ಮೀಟರೂ ಸರಿ ಇದೆ, ಅಲ್ಲಿವರೆಗಿನ ವೈರಿಂಗೂ ಸರಿ ಇದೆ, ರೋಗ ಟ್ಯಾಂಕಿನೊಳಗಿದೆ. ಹೊರಳಲೇ ಇಲ್ಲವಾ? ಆಗ ವೈರು, ಅರ್ಥಿಂಗ್ ನೋಡಿಸಿ, ಮೀಟರಿನ ಮಾತು ಎಲ್ಲಕ್ಕಿಂತ ಕೊನೆಗೆ. ಮೆಕ್ಯಾನಿಕ್ ಎದುರಿಗೇ ಇದನ್ನು ಮಾಡಿಸಿ, ಐದು ನಿಮಿಷದ ಕೆಲಸ.

ಟ್ಯಾಂಕಿನ ಯೂನಿಟ್ ಬಿಚ್ಚುವುದು ಮಾತ್ರ ಮನೆಯಲ್ಲಿ ಬೇಡ ಅಂತ ನನ್ನ ಸಲಹೆ. ಪೆಟ್ರೋಲ್ ಪೂರ್ತಿ ಇಳಿಸಬೇಕು, ಬ್ಯಾಟರಿ ತಪ್ಪಿಸಬೇಕು, ಗಾಳಿ ಆಡುವ ಜಾಗ ಬೇಕು, ಹತ್ತಿರದಲ್ಲಿ ಬೀಡಿ, ಒಲೆ, ದೇವರ ದೀಪ ಯಾವುದೂ ಇರಬಾರದು. ಬಿಚ್ಚಿಸಿದಾಗ ಪಕ್ಕದಲ್ಲಿ ನಿಂತು ನೋಡಿ. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಳಗಳ ಅಂದರೆ ತೂತಾಗಿದೆ, ತೇಲುವ ಬದಲು ಮುಳುಗುತ್ತಿದೆ. ಆದರೆ ಅಂಥ ಫ್ಲೋಟ್ ಇದ್ದರೆ ಮುಳ್ಳು ಕೆಳಗೇ ಕೂತಿರುತ್ತದೆ, ನಿಮ್ಮದರ ಹಾಗೆ ಕುಣಿಯುವುದಿಲ್ಲ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ತೋಳನ್ನು ನಿಧಾನವಾಗಿ ಎತ್ತಿಸಿ. ಅಂಕಿ ಸರಾಗವಾಗಿ ಏರಬೇಕು ಇಲ್ಲವೇ ಇಳಿಯಬೇಕು. ಮಧ್ಯದಲ್ಲಿ ಎಲ್ಲಾದರೂ ಅಂಕಿ ಮಾಯವಾಗಿ ಮತ್ತೆ ಬಂದರೆ ಪಟ್ಟಿ ಸವೆದಿದೆ, ಯೂನಿಟ್ ಹೊಸದು ಹಾಕಿಸಿ. ಜೊತೆಗೆ ಹೊಸ ವಾಶರ್ ಕೂಡ. ಹಳೇ ವಾಶರೇ ಹಾಕಿದರೆ ಪೆಟ್ರೋಲ್ ಜಿನುಗಿ ಎಂಜಿನ್ ಮೇಲೆ ಬೀಳುತ್ತದೆ.

ಅಲ್ಲಿವರೆಗೆ ಮುಳ್ಳು ಮರೆತು ಟ್ರಿಪ್ ಮೀಟರ್ ನಂಬಿ, ಅದಿಲ್ಲದಿದ್ದರೆ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಹೋಗಿ ಬರಲು ದಿನಕ್ಕೆ ಸುಮಾರು 70 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಗಾಡಿ ಲೀಟರಿಗೆ 50 ಕೊಟ್ಟರೂ 5 ಲೀಟರಿಗೆ 250. ಮೂರನೇ ದಿನ ಸಂಜೆ ಬಂಕಿಗೆ ಹೋದರೆ ನೂಕುವ ಪ್ರಮೇಯವಿಲ್ಲ. ಹಾಕಿಸಿದ ಕೂಡಲೇ ಕಾಕನ್ನು ಆನ್‌ಗೆ ತಿರುಗಿಸಿ. ರಿಸರ್ವ್‌ನಲ್ಲೇ ಬಿಟ್ಟು ಓಡಿಸಿದರೆ ರಿಸರ್ವ್ ಅಂತ ಉಳಿಯುವುದಾದರೂ ಏನು ಹೇಳಿ!

ಪ್ರಶ್ನೆ: ಬಂಕಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಪೆಟ್ರೋಲ್ ಹಾಕಿಸಿದೆ, ಡಿಜಿಟಲ್ ಮೀಟರ್ ಮೂರು ಕಡ್ಡಿ ತೋರಿಸಿತು. ರಸ್ತೆಗೆ ಬಂದ ಮೇಲೆ ನಾಲ್ಕಾಯಿತು. ಮೀಟರ್ ಸುಳ್ಳೋ, ಬಂಕಿನವರು ಸುಳ್ಳೋ?
— ಓದುಗರು, ಬ್ಯಾಡಗಿ

ಉತ್ತರ: ಇಬ್ಬರದೂ ತಪ್ಪಿಲ್ಲ. ಗಾಡಿ ವಾಲಿದರೆ ಪೆಟ್ರೋಲೂ ಒಂದು ಕಡೆ ವಾಲುತ್ತದೆ, ಫ್ಲೋಟ್ ಇರೋದು ಒಂದೇ ಜಾಗದಲ್ಲಿ ಅಲ್ವಾ. ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅಳತೆ ಮೇಲೇ ಅನುಮಾನ ಇದ್ದರೆ ಕಡ್ಡಿ ಎಣಿಸಬೇಡಿ, ಬಂಕಿನಲ್ಲಿ ಸರ್ಕಾರಿ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆ ಇಟ್ಟಿರಲೇಬೇಕು, ಅದರಲ್ಲಿ ಅಳೆದು ತೋರಿಸಿ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ಧಾರವಾಡದಲ್ಲಿ ಓದುತ್ತಿದ್ದೇನೆ. 2021ರ ಬೈಕು. ಪೆಟ್ರೋಲ್ ಕಡ್ಡಿಗಳೆಲ್ಲ ಮಿನುಗುತ್ತಿವೆ. ನೀವು ಹೇಳುವ ವೈರು ಕೂಡಿಸುವ ಪರೀಕ್ಷೆ ಮಾಡಬಹುದಾ? ರಿಸರ್ವ್ ಕಾಕ್ ಕೂಡ ಕಾಣಿಸುತ್ತಿಲ್ಲ.
— ವಿದ್ಯಾರ್ಥಿ, ಸಪ್ತಾಪುರ

ಉತ್ತರ: ಮಾಡಬೇಡ ತಮ್ಮಾ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೆಚ್ಚುಕಡಿಮೆ ಎಲ್ಲ ಬೈಕುಗಳೂ ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಆಗಿವೆ. ಟ್ಯಾಂಕಿನೊಳಗೆ ಪಂಪ್ ಇರುತ್ತದೆ, ಹಲವು ಗಾಡಿಗಳಲ್ಲಿ ಫ್ಲೋಟೂ ಅದರ ಜೊತೆಗೇ. ತಪ್ಪು ವೈರು ಕೂಡಿಸಿದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಕಡ್ಡಿಗಳೆಲ್ಲ ಒಟ್ಟಿಗೆ ಮಿನುಗುವುದು ಹಲವು ಮಾಡೆಲ್‌ಗಳಲ್ಲಿ 'ಫ್ಲೋಟಿನ ಸುದ್ದಿ ಬರುತ್ತಿಲ್ಲ' ಅನ್ನುವ ಸೂಚನೆ, ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡು. ಕಾಕ್ ನಿನ್ನ ಗಾಡಿಯಲ್ಲಿ ಇಲ್ಲ, ಹುಡುಕಬೇಡ. ಮತ್ತೆ ಟ್ಯಾಂಕ್ ಪೂರ್ತಿ ಒಣಗಿಸಿ ಓಡಿಸಬೇಡ. ಆ ಪಂಪನ್ನು ತಣ್ಣಗಿಡುವುದೂ ಪೆಟ್ರೋಲೇ, ಪೆಟ್ರೋಲಿಲ್ಲದೆ ತಿರುಗಿದರೆ ಬೇಗ ಕೆಡುತ್ತದೆ.

ಪ್ರಶ್ನೆ: ಎಥೆನಾಲ್ ಪೆಟ್ರೋಲಿನಿಂದ ಫ್ಲೋಟ್ ಕೆಡುತ್ತದಂತೆ, ಹೌದಾ? ನನ್ನ ಗಾಡಿ ತಿಂಗಳಿಗೆ ಎರಡು ಸಲ ಹೊರಗೆ ಬಂದರೆ ಹೆಚ್ಚು.
— ಓದುಗರು, ಗದಗ

ಉತ್ತರ: ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಿಮ್ಮ ಗಾಡಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯಬಹುದು. ಆ ತುಕ್ಕಿನ ಪುಡಿ ಫ್ಲೋಟಿನ ಪಟ್ಟಿ ಮೇಲೆ ಕೂತರೆ ಮುಳ್ಳು ತಡವರಿಸುತ್ತದೆ. ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಿ, ಹಳೇ ಪೆಟ್ರೋಲ್ ಖರ್ಚಾಗಲಿ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತುಕ್ಕಿದೆಯಾ ಅಂತಲೂ ನೋಡಿ, ಹಗಲು ಬೆಳಕಿನಲ್ಲಿ, ಅಂಗಳದಲ್ಲಿ ನಿಲ್ಲಿಸಿ. ಕತ್ತಲಲ್ಲಿ ಕಡ್ಡಿ ಗೀರಿ ಟ್ಯಾಂಕಿಗೆ ಇಣುಕಲು ಹೊರಟವರೊಬ್ಬರ ಕೈ ಹಿಡಿದು ನಿಲ್ಲಿಸಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.